ಮೂರು ಊರಿನ ಮದ್ದು

ನಾಲೆಯ ನೀರು ಬಯಲಿಗೆ ಬಂದ ಕಾಲಕ್ಕೇ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಊರು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ರೈಲು ಹಾದಿ ಬಿಟ್ಟು ಗಾಡಿದಾರಿಯಲ್ಲಿ ಒಳಗೆ ಹೋಗಬೇಕು. ನೀರಿನ ಹಿಂದೆ ಭತ್ತ ಬಂತು, ಕಬ್ಬು ಬಂತು, ಅವುಗಳ ಹಿಂದೆ ಸೊಳ್ಳೆ ಬಂತು, ಚಳಿಜ್ವರ ಬಂತು. ಊರಿನಲ್ಲಿ ನಡುಗದ ಮನೆ ಇರಲಿಲ್ಲ. ಬೆಳಿಗ್ಗೆ ನೇಗಿಲು ಕಟ್ಟಿದವನು ಮಧ್ಯಾಹ್ನಕ್ಕೆ ಬದುವಿನ ಮೇಲೆ ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತಿದ್ದ. ಜ್ವರ ಇಳಿದ ಮೇಲೆ ಎದ್ದು ಮತ್ತೆ ನೇಗಿಲು ಹಿಡಿಯುತ್ತಿದ್ದ. ಬಡವರು ಹೀಗೆ ಬಂದಾಗ ಮಲಗಿ, ಬಿಟ್ಟಾಗ ಎದ್ದು, ಸಾಯುವವರು ಸತ್ತು, ಉಳಿಯುವವರು ಉಳಿದರು. ನಮ್ಮ ಮಾವನವರಿಗೆ ಆ ಭಾಗ್ಯ ಇರಲಿಲ್ಲ. ಅವರಿಗೆ ಮೂವರು ಗಂಡುಮಕ್ಕಳಿದ್ದರು. ಮೂವರಿಗೂ ಅಪ್ಪನ ಮೇಲೆ ಪ್ರೀತಿ ಇತ್ತು, ಒಬ್ಬೊಬ್ಬರಿಗೂ ಒಬ್ಬೊಬ್ಬ ವೈದ್ಯನಿದ್ದ.

ದೊಡ್ಡ ಭಾವ ಊರಿನಲ್ಲೇ ಇದ್ದು ಹೊಲಗದ್ದೆ ನೋಡಿಕೊಳ್ಳುತ್ತಿದ್ದರು. ಎರಡನೆಯ ಭಾವ ಶಿವನಸಮುದ್ರದಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸದಲ್ಲಿದ್ದರು. ಬೂಟು ಹಾಕಿಕೊಂಡೇ ಊರಿಗೆ ಬರುತ್ತಿದ್ದರು, ಹೊಸ್ತಿಲಲ್ಲಿ ಅದನ್ನು ಬಿಚ್ಚುವಾಗ ಎಲ್ಲರೂ ನೋಡಲಿ ಎಂದು ನಿಧಾನ ಮಾಡುತ್ತಿದ್ದರು. ಮೂರನೆಯವರು ನನ್ನ ಯಜಮಾನರು, ಮಂಡ್ಯದಲ್ಲಿ ಗುಮಾಸ್ತೆ ಕೆಲಸ. ಅಲ್ಲಿ ಮನೆ ಸಿಗುವವರೆಗೆ ನೀನು ಊರಿನಲ್ಲೇ ಇರು ಎಂದು ನನ್ನನ್ನು ಬಿಟ್ಟಿದ್ದರು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ದೊಡ್ಡ ಭಾವನ ಹೆಂಡತಿ, ಬೆಸಗರಹಳ್ಳಿ ಕಡೆಯವರು, ಅಡುಗೆಮನೆಯನ್ನೂ ಕೊಟ್ಟಿಗೆಯನ್ನೂ ಆಳುತ್ತಿದ್ದರು. ನನ್ನ ಅಪ್ಪ ಮದ್ದೂರಿನಲ್ಲಿ ಮೇಷ್ಟರಾಗಿದ್ದರಿಂದ ನನಗೆ ನಾಲ್ಕಕ್ಷರ ಬರುತ್ತಿತ್ತು. ಆ ಒಂದು ಅಪರಾಧಕ್ಕಾಗಿ ಮಾವನ ಮದ್ದಿನ ಉಸ್ತುವಾರಿ ಎಲ್ಲ ನನ್ನ ತಲೆಗೆ ಬಿತ್ತು.

ಮೊದಲು ಬಂದವರು ಮದ್ದೂರಿನ ಪಂಡಿತರು. ದೊಡ್ಡ ಭಾವನ ಮಗಳಿಗೆ ಹಿಂದೆ ಒಮ್ಮೆ ಕಾಮಾಲೆ ಬಂದಿದ್ದಾಗ ಪಂಡಿತರು ಯಾವುದೋ ಸೊಪ್ಪಿನ ರಸ ಕೊಟ್ಟಿದ್ದರು, ಕಾಮಾಲೆ ಹೋಗಿತ್ತು. ಪಕ್ಕದ ಬೀದಿಯ ಹುಡುಗಿಗೂ ಅದೇ ತಿಂಗಳು ಕಾಮಾಲೆ ಬಂದಿತ್ತು, ಯಾರೂ ಏನೂ ಕೊಡದೆ ಅದೂ ಹೋಗಿತ್ತು. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಪಂಡಿತರು ಗಾಡಿಯಿಂದ ಇಳಿಯುವ ಮೊದಲೇ ನಶ್ಯ ಏರಿಸಿ, ಮಾವನ ಕೈ ಹಿಡಿದು ಕಣ್ಣು ಮುಚ್ಚಿದರೆ, ನಿದ್ದೆಯೇ ಬಂದುಬಿಟ್ಟಿತೋ ಏನೋ ಎಂದು ನಮಗೆ ಅನುಮಾನ ಬರುವವರೆಗೂ ತೆರೆಯುತ್ತಿರಲಿಲ್ಲ.

“ವಿಷಮಜ್ವರ. ಪಿತ್ತ ಕೆರಳಿದೆ, ವಾತವನ್ನೂ ಜೊತೆಗೆ ಕರೆದುಕೊಂಡಿದೆ. ಕಷಾಯ ಕೊಡುತ್ತೇನೆ. ಪಥ್ಯ ಕಟ್ಟುನಿಟ್ಟು. ಹಾಲು ಬೇಡ, ಮೊಸರು ಬೇಡ, ರಾಗಿ ಮುಟ್ಟಕೂಡದು. ಅಕ್ಕಿ ಗಂಜಿ ತಿಳಿ ಮಾತ್ರ.”

“ಮುದ್ದೆ ಬ್ಯಾಡ ಅಂದ್ರೆ ಬದುಕಿ ಏನಾಗ್ಬೇಕು ಸ್ವಾಮಿ?” ಎಂದರು ಮಾವ.

ಪಂಡಿತರು ನಕ್ಕರು. ರೋಗಿ ಹೇಳಿದ್ದಕ್ಕೆ ನಗುವುದು ಆಮೇಲೆ ನಾನು ಕಂಡ ಮೂವರು ವೈದ್ಯರೂ ಒಂದೇ ಗುರುಕುಲದಲ್ಲಿ ಕಲಿತುಬಂದ ವಿದ್ಯೆಯಂತಿತ್ತು.

ಎರಡನೆಯ ಭಾವನಿಗೆ ಸುದ್ದಿ ಹೋಯಿತು. ಅವರು ಬಂದರು, ಬೂಟು ಬಿಚ್ಚಿದರು, ಕಷಾಯದ ಮಡಕೆ ನೋಡಿ ಮೂಗು ಮುರಿದರು. ಮುಂದಿನ ವಾರ ಮಳವಳ್ಳಿಯಿಂದ ತಮ್ಮ ಡಾಕ್ಟರನ್ನು ಕರೆತಂದರು. ಆ ಡಾಕ್ಟರು ಕೊರಳಿಗೆ ರಬ್ಬರು ಕೊಳವೆ ನೇತುಹಾಕಿಕೊಂಡೇ ಮದ್ದೂರಿನಲ್ಲಿ ಬಸ್ಸು ಇಳಿದು, ಹಾಗೆಯೇ ಗಾಡಿಯಲ್ಲಿ ನಮ್ಮೂರವರೆಗೂ ಬಂದಿದ್ದರು. ದಾರಿಯ ಎತ್ತುಗಳ ಎದೆ ನೋಡಬೇಕಾಗಿತ್ತೇನೋ. ಮಾವನ ಹೊಟ್ಟೆ ಒತ್ತಿದರು, ಕಣ್ಣಿನ ರೆಪ್ಪೆ ಎಳೆದರು.

“ಮಲೇರಿಯಾ. ರಕ್ತವೇ ಇಲ್ಲ ಮೈಯಲ್ಲಿ. ಯಾರು ಇವರನ್ನು ಗಂಜಿಯಲ್ಲಿ ಇಟ್ಟವರು? ಹಾಲು ಕೊಡಿ, ಮೊಟ್ಟೆ ಕೊಡಿ, ಕೋಳಿ ಸಾರು ಕೊಡಿ. ನನ್ನ ಗುಳಿಗೆ ಬೆಳಿಗ್ಗೆ ಸಂಜೆ ತಪ್ಪಕೂಡದು.”

ಗುಳಿಗೆಗಳು ಗುಂಡಗೆ, ಸಕ್ಕರೆ ಲೇಪದಿಂದ ಹೊಳೆಯುತ್ತಿದ್ದವು. ಅದೇನು ಎಂದು ಕೇಳಿದ್ದಕ್ಕೆ, “ಜ್ವರಕ್ಕೂ ಶಕ್ತಿಗೂ ಅಮ್ಮ” ಎಂದರು. ಅದು ಉತ್ತರವೆಂದು ತಿಳಿದು ನಾನು ತಲೆಯಾಡಿಸಬೇಕಿತ್ತು.

ಅಣ್ಣಂದಿರು ಇಬ್ಬರೂ ಅಪ್ಪನಿಗೆ ವೈದ್ಯರನ್ನು ತಂದರೆಂದು ಮಂಡ್ಯದಲ್ಲಿ ಕೇಳಿದ ಮೇಲೆ ನನ್ನ ಯಜಮಾನರು ಸುಮ್ಮನಿರುತ್ತಾರೆಯೇ? ಮಂಡ್ಯದ ಡಾಕ್ಟರು ದೊಡ್ಡ ಪರೀಕ್ಷೆ ಪಾಸು ಮಾಡಿದವರು, ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿ ಉದ್ದ. ಅಂಥವರು ಹಳ್ಳಿಗೆ ಬರುವುದಿಲ್ಲ. ನಮ್ಮ ಯಜಮಾನರೇ ಅವರ ಮುಂದೆ ಕುಳಿತು ಅಪ್ಪನ ಜ್ವರವನ್ನು ಬಾಯಲ್ಲಿ ವರ್ಣಿಸಿ, ದೊಡ್ಡ ಸೀಸೆಯಲ್ಲಿ ಮದ್ದು ತಂದರು. ಸೀಸೆಗೆ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಅದರ ಒಂದೊಂದು ಮೆಟ್ಟಿಲು ಒಂದೊಂದು ಸಲಕ್ಕೆ. ಡಾಕ್ಟರು ಮಾವನನ್ನು ಕಂಡವರಲ್ಲ. ಮಾವ ದಪ್ಪಗಿದ್ದಾರೋ ಸಣಕಲೋ, ಮುದುಕರೋ ಹರೆಯದವರೋ ಅವರಿಗೆ ಗೊತ್ತಿರಲಿಲ್ಲ. ಜ್ವರ ಗೊತ್ತಿದ್ದರೆ ಸಾಕು, ಜ್ವರ ಬಂದವನು ಯಾಕೆ?

ಇನ್ನು ನಮ್ಮ ಅಕ್ಕ, ಎಂದರೆ ದೊಡ್ಡ ಭಾವನ ಹೆಂಡತಿ, ವೈದ್ಯನಾಥಪುರದ ದೇವರಿಗೆ ಹರಕೆ ಕಟ್ಟಿಕೊಂಡು ತೀರ್ಥ ತಂದು ಕುಡಿಸುತ್ತಿದ್ದರು. ಇಡೀ ಗುಂಪಿನಲ್ಲಿ ಇನ್ನೊಬ್ಬರ ಮದ್ದು ಗೊತ್ತಾದರೂ ನಿಲ್ಲಿಸು ಎನ್ನದವನು ಆ ದೇವರೊಬ್ಬನೇ. ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಉಳಿದ ವೈದ್ಯರು ಬಾಯಿಬಿಟ್ಟು ನಿಲ್ಲಿಸು ಎನ್ನುವ ಹೊತ್ತೇ ಬರಲಿಲ್ಲ, ಏಕೆಂದರೆ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಕ್ಕಳು ಕಾವಲು ನಿಂತಿದ್ದರು. ದೊಡ್ಡ ಭಾವ ನನ್ನನ್ನು ಹಿತ್ತಲಿಗೆ ಕರೆದು, “ಇಂಗ್ಲೀಸ್ ಮದ್ದು ನಡೀತಾ ಅದೆ ಅಂತ ಪಂಡಿತ್ರ ಮುಂದೆ ಏಳ್ಬ್ಯಾಡ ಕಣವ್ವ, ನೊಂದ್ಕತಾರೆ” ಎಂದರು. ಎರಡನೆಯ ಭಾವ ಹೋಗುವಾಗ, “ಮಂಡ್ಯದ ಸೀಸೆ ವಿಚಾರ ನಮ್ಮ ಡಾಕ್ಟ್ರಿಗೆ ತಿಳಿದ್ರೆ ಮರ್ಯಾದೆ ಹೋಗುತ್ತೆ” ಎಂದರು. ನನ್ನ ಯಜಮಾನರು ಕಾಗದದಲ್ಲಿ ಅದನ್ನೇ ಬರೆದಿದ್ದರು. ವೈದ್ಯರು ನೊಂದುಕೊಳ್ಳಬಾರದು, ಅಷ್ಟೇ. ಮಾವ ನೊಂದುಕೊಳ್ಳುವುದು ಕಾಯಿಲೆಯ ಲಕ್ಷಣ, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಬೆಳಿಗ್ಗೆ ಎದ್ದು ಕಷಾಯ ಕಾಯಿಸಬೇಕು. ಅದು ಹೊಟ್ಟೆಗಿಳಿದು ತಣ್ಣಗಾಗುವ ಮೊದಲು ಸೀಸೆಯ ಮದ್ದು ಕೊಡಬಾರದೆಂದು ನನ್ನ ಸ್ವಂತ ಬುದ್ಧಿಗೆ ತೋಚಿ ಸ್ವಲ್ಪ ಹೊತ್ತು ಬಿಡುತ್ತಿದ್ದೆ. ಆಮೇಲೆ ಸೀಸೆ, ಆಮೇಲೆ ಗುಳಿಗೆ. ಗುಳಿಗೆಯ ಡಾಕ್ಟರು ಹೇಳಿದ ಹಾಲನ್ನು ಕೊಟ್ಟರೆ ಅಕ್ಕ ಲೋಟವನ್ನೇ ಕಸಿದುಕೊಂಡು, “ಪಂಡಿತ್ರು ಏನ್ ಯೋಳವ್ರೆ, ನೀ ಏನ್ ಮಾಡ್ತಿದ್ದೀಯೆ?” ಎನ್ನುವರು. ಭಾನುವಾರ ಎರಡನೆಯ ಭಾವ ಬಂದರೆ ಗಂಜಿಯ ಬಟ್ಟಲು ತಿಪ್ಪೆಗೆ ಹೋಗುತ್ತಿತ್ತು, ಕೋಳಿ ಕೂಗುತ್ತಿತ್ತು. ಮಾರನೆಯ ದಿನ ಅದೇ ಗಂಜಿ ಮತ್ತೆ ಬರುತ್ತಿತ್ತು. ಮಾವ ಯಾವ ದಿನ ಏನು ತಿನ್ನಬೇಕೆಂಬುದು ಮನೆಯಲ್ಲಿ ಯಾವ ಮಗ ಇದ್ದಾನೆ ಎಂಬುದರ ಮೇಲೆ ನಿಂತಿತ್ತು.

ಮಾವ ಸ್ವಭಾವತಃ ಒರಟು ಮನುಷ್ಯ. ಊರಿನವರೆಲ್ಲ ಅವರ ಬಾಯಿಗೆ ಹೆದರುತ್ತಿದ್ದರು. ಆದರೆ ನಾನು ಮದ್ದು ಹಿಡಿದು ನಿಂತರೆ ಮರುಮಾತಿಲ್ಲದೆ ಕುಡಿಯುತ್ತಿದ್ದರು, ಕುಡಿದ ಮೇಲೆ ಮಾತ್ರ ಮೂವರು ಮಕ್ಕಳ ಹುಟ್ಟನ್ನು ಒಂದೇ ಉಸಿರಿಗೆ ಬೈಯುತ್ತಿದ್ದರು.

ಜ್ವರ ಬಿಟ್ಟುಬಿಟ್ಟು ಬರುವುದು ಸ್ವಲ್ಪ ಕಡಿಮೆಯಾಯಿತು. ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಒಂದು ದಿನ ಜಗಲಿಯಲ್ಲಿ ಕುಳಿತವರು ಕಿವಿಗೆ ಕಿರುಬೆರಳು ತುರುಕಿ ಅಲ್ಲಾಡಿಸುತ್ತ, “ಜೀರುಂಡೆ ಒಕ್ಕದೆ ಕಣವ್ವ ಒಳಕ್ಕೆ. ಒಂದೇ ಸಮ ಕೂಗ್ತದೆ” ಎಂದರು. ಆಮೇಲೆ ಏಳುವಾಗ ತಲೆ ತಿರುಗಿ ಕಂಬ ಹಿಡಿದುಕೊಳ್ಳತೊಡಗಿದರು. ಸಂಜೆ ದೀಪ ಹಚ್ಚಿದರೆ ಮಂಜು ಮಂಜು ಎನ್ನುವರು. ಕೊನೆಗೆ, ಎದುರು ನಿಂತು ಕೂಗಿದರೂ ನಮ್ಮ ಬಾಯಿಯನ್ನೇ ನೋಡುವ ಹಾಗಾಯಿತು. ಊರಿಗೇ ಕೇಳುವಂತೆ ಮಾತನಾಡುತ್ತಿದ್ದ ಮನುಷ್ಯ ತಾನು ಆಡಿದ್ದು ತನಗೇ ಕೇಳದೆ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಅದನ್ನು ನೋಡುವುದು ನನಗೆ ಆಗುತ್ತಿರಲಿಲ್ಲ.

ವೈದ್ಯರಿಗೆ ತಿಳಿಸಿದೆವು. ಪಂಡಿತರು, “ವಾತ ತಲೆಗೇರಿದೆ, ಕಷಾಯ ಎರಡು ಹೊತ್ತು ಮಾಡಿ” ಎಂದರು. ಮಳವಳ್ಳಿಯವರು ಬಸ್ಸಿನ ಡ್ರೈವರನ ಕೈಲಿ, ನಿಶ್ಶಕ್ತಿಯಿಂದ ಹೀಗಾಗಿದೆ, ಗುಳಿಗೆ ಜಾಸ್ತಿ ಮಾಡಿ ಎಂದು ಹೇಳಿ ಇನ್ನೊಂದು ಪೊಟ್ಟಣ ಕಳಿಸಿದರು. ಮಂಡ್ಯದವರು, ಜ್ವರ ಮೆದುಳಿಗೆ ಹತ್ತುತ್ತಿರಬಹುದೆಂದು ನನ್ನ ಯಜಮಾನರಿಗೆ ವಿವರಿಸಿ ಸೀಸೆಯ ಮದ್ದನ್ನು ಇನ್ನೂ ಗಟ್ಟಿ ಮಾಡಿ ಕೊಟ್ಟರು. ಅಕ್ಕ ತೀರ್ಥವನ್ನು ಕಿವಿಗೂ ಬಿಟ್ಟರು. ಅಂತೂ ಯಾರೂ ಕೈಕಟ್ಟಿ ಕೂರಲಿಲ್ಲ. ಬೇರೆ ಏನು ಕೊಡುತ್ತಿದ್ದೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅದನ್ನು ಕಂಡುಹಿಡಿದವರು ಮಾವನೇ. ಆ ಹೊತ್ತಿಗೆ ಅವರ ಗಂಟಲು ಒಣಗಿ ಗುಳಿಗೆ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೀಸೆಯ ಮದ್ದು ಕುಡಿದು ಮುಖ ಕಿವಿಚಿಕೊಂಡು, ಅದರ ಹಿಂದೆಯೇ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡವರು ನುಂಗಲಾರದೆ ಕಟಕ್ಕನೆ ಕಡಿದರು. ಕಡಿದವರೇ ಅಂಗಳಕ್ಕೆ ಉಗಿದು, ಕಣ್ಣು ಅಗಲಿಸಿ ನನ್ನತ್ತ ತಿರುಗಿ ಕೂಗಿಕೊಂಡರು:

“ಅವ್ವಾ, ಇದೂ ಆ ಸೀಸೇದೇ ಕಣೆ! ಅದೇ ಕಯ್ಯಿ! ಅದೇ ಇಸ, ಬ್ಯಾರೆ ಅಂಗಿ ಹಾಕ್ಕಂಡು ಬಂದದೆ!”

ನಾನು ಉಳಿದ ಗುಳಿಗೆಯೊಂದನ್ನು ಕುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಸೀಸೆಯ ತಳದ ಹನಿಯನ್ನೂ ನೆಕ್ಕಿದೆ. ಕಹಿಗಳಲ್ಲಿ ಬೇರೆ ಬೇರೆ ಜಾತಿ ಇರುತ್ತದೆ. ಬೇವಿನದು ಬೇರೆ, ಹಾಗಲದ್ದು ಬೇರೆ, ಪಂಡಿತರ ಕಷಾಯದ್ದು ಬೇರೆ. ಇವೆರಡು ಮಾತ್ರ ಒಂದೇ ತಾಯಿಯ ಮಕ್ಕಳು. ನಾಲಿಗೆಯ ಹಿಂದೆ ಹೋಗಿ ಕುಳಿತು, ಏನು ತಿಂದರೂ ಏಳದ ಕಹಿ.

“ಗಾಡಿ ಕಟ್ಸು. ಮಂಡ್ಯಕ್ಕೆ ಓಗವ” ಎಂದರು ಮಾವ.

ದೊಡ್ಡ ಭಾವ ಅಂದು ಮದ್ದೂರು ಸಂತೆಗೆ ಹೋಗಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತು, ಸೊಸೆ ಮಾವನ ಜೊತೆ ಒಬ್ಬಳೇ ರೈಲಿನಲ್ಲಿ ಹೋದರೆ ಜನ ಏನಂದಾರು ಎಂದರು. ಅದು ಮಾವನಿಗೆ ಕೇಳಿಸಲಿಲ್ಲ. ಕೇಳಿಸದಿರುವುದರಿಂದ ಒಂದು ಲಾಭ ಉಂಟೆಂದು ನಮ್ಮಿಬ್ಬರಿಗೂ ಅರಿವಾದದ್ದು ಆಗಲೇ. ಸೀಸೆ, ಗುಳಿಗೆಯ ಪೊಟ್ಟಣ, ಕಷಾಯದ ಪುಡಿ ಎಲ್ಲವನ್ನೂ ಒಂದು ಮಂಕರಿಗೆ ಹಾಕಿಕೊಂಡು ಹೊರಟೆ. ರೈಲಿನಲ್ಲಿ ಮಾವ ಎದುರಿಗೆ ಕುಳಿತವರಿಗೆಲ್ಲ ದೊಡ್ಡ ದನಿಯಲ್ಲಿ, “ನಂಗೆ ಮೂರು ಜನ ಡಾಕ್ಟ್ರು. ಅದ್ಕೇ ಇಂಗಾಗಿದ್ದೀನಿ” ಎಂದು ಹೇಳಿಕೊಂಡು ಬಂದರು.

ನನ್ನ ಯಜಮಾನರು ಕಚೇರಿಯಲ್ಲಿರುವ ಹೊತ್ತು, ಅವರಿಗೆ ಕಾಯದೆ ನೇರ ಡಾಕ್ಟರಲ್ಲಿಗೆ ಹೋದೆವು. ಮಂಡ್ಯದ ಡಾಕ್ಟರು ನಮ್ಮನ್ನು ಬಹಳ ಹೊತ್ತು ಹೊರಗೆ ಕೂರಿಸಿದರು. ಒಳಗೆ ಕರೆದ ಮೇಲೆ, ಯಾರೆಂದು ಹೇಳಿದಾಗ, “ಓಹೋ, ಇವರೋ!” ಎಂದು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ದಿನ ತಾವು ಮದ್ದು ಕುಡಿಸುತ್ತಿದ್ದ ಮನುಷ್ಯನನ್ನು ಕಂಡದ್ದು ಅದೇ ಮೊದಲು. ಅವರ ಮುಖದಲ್ಲಿ ಸಣ್ಣ ಗಾಬರಿ ಮೂಡಿದ್ದನ್ನು ನಾನು ನೋಡಿದೆ. ಸೀಸೆಯ ಮದ್ದು ಒಬ್ಬ ದಪ್ಪ ಮೈಯವರಿಗೆ ಎಂದು ಊಹಿಸಿಕೊಂಡಿದ್ದರೋ ಏನೋ. ನಮ್ಮ ಮಾವ ಆ ಹೊತ್ತಿಗೆ ಪಂಚೆ ಸುತ್ತಿದ ಕೋಲಾಗಿದ್ದರು.

ನಾನು ಮಂಕರಿಯಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ. “ಇದನ್ನೂ ಕೊಡುತ್ತಿದ್ದೇವೆ ಸ್ವಾಮಿ. ನಿಮ್ಮದೂ ಇದೂ ಒಂದೇ ರುಚಿ.”

“ಯಾರು ಕೊಟ್ಟದ್ದು?”

“ಮಳವಳ್ಳಿಯ ಡಾಕ್ಟರು.”

ಅವರು ಗುಳಿಗೆಯನ್ನು ಚಿಮಟದಲ್ಲಿ ಒಡೆದು ಮೂಸಿದರು, ತುದಿ ಬೆರಳಿನಲ್ಲಿ ಮುಟ್ಟಿ ನಾಲಿಗೆಗೆ ಸೋಕಿಸಿದರು. “ಕ್ವಿನೈನು” ಎಂದರು. “ಅಂದರೆ ನನ್ನದೂ ಇದೂ ಎರಡೂ? ಎಷ್ಟು ದಿನದಿಂದ? ಕಿವಿ ಹೋಗದೆ ಇನ್ನೇನಾಗುತ್ತೆ! ಕಣ್ಣೂ ಹೋಗುತ್ತಿತ್ತು. ಏನಮ್ಮ, ನನಗೆ ಒಂದು ಮಾತು ಹೇಳಬಾರದಿತ್ತೇ?”

“ನೀವು ಒಂದು ಮಾತು ಕೇಳಬಹುದಿತ್ತು” ಎಂದೆ.

ಅವರಿಗೆ ಸಿಟ್ಟು ಬಂತು. ಆದರೆ ಮಾವ ಎದುರಿಗೆ ಕಣ್ಣು ಕಿರಿದು ಮಾಡಿ ಅವರ ತುಟಿಯನ್ನೇ ನೋಡುತ್ತಿದ್ದುದರಿಂದ ನುಂಗಿಕೊಂಡರು. ಗುಳಿಗೆ ಪೂರ್ತಿ ಬಿಡಿ, ನನ್ನ ಮದ್ದನ್ನೂ ಕಿವಿ ತಿಳಿಯಾಗುವವರೆಗೆ ನಿಲ್ಲಿಸಿ, ಆಮೇಲೆ ಕಡಿಮೆ ಪ್ರಮಾಣದಲ್ಲಿ ಕೊಡೋಣ, ಅಲ್ಲಿಯವರೆಗೆ ಹೊಟ್ಟೆತುಂಬ ಊಟ ಹಾಕಿ ಎಂದರು.

“ಹಾಗೆಂದು ಮಳವಳ್ಳಿಯವರಿಗೆ ನೀವೇ ನಾಲ್ಕು ಸಾಲು ಬರೆದುಕೊಡಿ ಸ್ವಾಮಿ. ನಾನು ಹೇಳಿದರೆ ನಮ್ಮ ಭಾವ ಕೇಳುವುದಿಲ್ಲ.”

“ನಾನು? ಅವರಿಗೆ?” ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಅವರೇನು ಓದಿದ್ದಾರೆ ಗೊತ್ತೇನಮ್ಮ ನಿಮಗೆ? ನಾನು ಅವರಿಗೆ ಕಾಗದ ಬರೆದರೆ ಅವರನ್ನು ನನ್ನ ಸಮಕ್ಕೆ ತಂದ ಹಾಗಾಗುತ್ತೆ.”

ಒಬ್ಬ ಮುದುಕನ ಕಣ್ಣೂ ಕಿವಿಯೂ ಒಂದು ಕಡೆ, ಆ ಸಮತೂಕ ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ಬಾಗಿತೆಂದು ನೋಡಿಕೊಂಡು ನಾವು ಎದ್ದು ಬಂದೆವು.

ಊರಿಗೆ ಬಂದ ಮೇಲೆ ಗುಳಿಗೆಯನ್ನೂ ಸೀಸೆಯನ್ನೂ ನಿಲ್ಲಿಸಿದೆ. ಮಾವ ಮುದ್ದೆ ಕೇಳಿದರು, ಅಕ್ಕ ಕೊಟ್ಟಿಗೆಯಲ್ಲಿದ್ದ ಹೊತ್ತು ನೋಡಿ ಬಸ್ಸಾರಿನ ಜೊತೆ ಹಾಕಿದೆ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಬೆನ್ನ ಹಿಂದೆ ಕುಳಿತು ಅಕ್ಕಿ ಆರಿಸುತ್ತ, ನನ್ನಷ್ಟಕ್ಕೆ, “ಈ ಅಕ್ಕಿ ತುಂಬ ಬರೀ ಕಲ್ಲು” ಎಂದೆ. ಮಾವ ತಿರುಗಿ ನೋಡದೆ, “ಮಿಲ್ಲಿನೋನು ಬಡ್ಡಿಮಗ” ಎಂದರು.

ನಾನು ಮೊರ ಕೆಳಗಿಟ್ಟು ಅವರ ಎದುರಿಗೆ ಬಂದೆ. “ಮಾವ, ಕೇಳಿಸ್ತಾ?”

“ಬಲಗಿವೀಲಿ ಬತ್ತಾ ಅದೆ. ಎಡಗಡೆ ಇನ್ನೂವೆ ಮಂಕು.” ಆಮೇಲೆ ನನ್ನ ಕಡೆ ಬಾಗಿ, ಬಹಳ ದಿನದ ಮೇಲೆ ಮೆಲುದನಿಯಲ್ಲಿ, “ಯಾರ್‌ಗೂ ಏಳ್ಬ್ಯಾಡ ಕಣವ್ವ. ಇನ್ನೊಸಿ ದಿನ ಕೆಪ್ಪನಾಗೇ ಇರ್ತೀನಿ. ಇವ್ರೆಲ್ಲ ನನ್ ಮುಂದೆ ಏನೇನ್ ಮಾತಾಡ್ತಾರೆ ಅಂತ ಈಗ ಗೊತ್ತಾಯ್ತಾ ಅದೆ” ಎಂದರು.

ಗುಳಿಗೆ ನಿಲ್ಲಿಸಿದ ಸುದ್ದಿ ಶಿವನಸಮುದ್ರಕ್ಕೆ ಮುಟ್ಟಿತು. ಎರಡನೆಯ ಭಾವ ಬೂಟನ್ನೂ ಬಿಚ್ಚದೆ ಒಳಗೆ ಬಂದು ರೇಗಿದರು. ಮಂಡ್ಯದವನ ಮಾತು ಕೇಳಿ ನನ್ನ ಡಾಕ್ಟರಿಗೆ ಅವಮಾನ ಮಾಡಿದಿರಿ ಎಂದರು. ದೊಡ್ಡ ಭಾವ, ಇಂಗ್ಲಿಷ್ ಮದ್ದಿನಿಂದಲೇ ಕಿವಿ ಹೋಯಿತೆಂದು ಪಂಡಿತರು ಮೊದಲೇ ಹೇಳಿದ್ದರು ಎಂದು ಹಾರಾಡಿದರು. ಪಂಡಿತರಿಗೆ ಇಂಗ್ಲಿಷ್ ಮದ್ದಿನ ವಿಷಯವೇ ತಿಳಿಯದ ಹಾಗೆ ಅವರೇ ನೋಡಿಕೊಂಡಿದ್ದರು ಎಂಬುದು ಆ ಹಾರಾಟದಲ್ಲಿ ಅವರಿಗೆ ಮರೆತುಹೋಗಿತ್ತು. ನನ್ನ ಯಜಮಾನರು, ನೋಡಿದಿರಾ ನಮ್ಮ ಡಾಕ್ಟರೇ ಕಂಡುಹಿಡಿದದ್ದು ಎಂದರು. ಅಪ್ಪ ಹೇಗಿದ್ದೀಯ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಕೆಪ್ಪನನ್ನು ಕೇಳಿ ಏನು ಪ್ರಯೋಜನ?

ಮಾವ ಕಂಬಕ್ಕೆ ಒರಗಿದ್ದವರು ಕೆಪ್ಪರ ಹಾಗೆ ಕಿರುಚಿದರು: “ಮೂರೂ ಜನಾನೂ ಒಂದೇ ದಿನ ಕರ್ಕಂಡು ಬನ್ರಲಾ! ಮೂರೂ ಜನ ಒಂದು ಮಾತಿಗೆ ಬರಗಂಟ ಒಂದು ತೊಟ್ಟು ಮದ್ದೂ ಬಾಯಿಗೆ ಬಿಡಾಕಿಲ್ಲ!”

ಅಂಥ ದೊಡ್ಡ ಮನುಷ್ಯರು ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದರು. ಮಳವಳ್ಳಿಯವರು ಬರುತ್ತಾರೆಂದು ತಿಳಿದು ಮಂಡ್ಯದವರು ಬಂದರು, ಮಂಡ್ಯದವರು ಮೋಟಾರಿನಲ್ಲಿ ಬರುತ್ತಾರೆಂದು ತಿಳಿದು ಮಳವಳ್ಳಿಯವರು ತಪ್ಪಿಸಿಕೊಳ್ಳಲಿಲ್ಲ, ಇಬ್ಬರು ಇಂಗ್ಲಿಷಿನವರು ಸೇರಿ ತಮ್ಮ ಮೇಲೆ ತೀರ್ಪು ಕೊಟ್ಟಾರೆಂದು ಪಂಡಿತರು ಎಲ್ಲರಿಗಿಂತ ಮೊದಲೇ ಬಂದು ಕುಳಿತರು. ಮನೆಯಲ್ಲಿ ತೋಳಿನ ಕುರ್ಚಿ ಇದ್ದದ್ದು ಒಂದೇ. ಮಂಡ್ಯದವರು ಅದರಲ್ಲಿ ಕುಳಿತುಬಿಟ್ಟರು. ಮಳವಳ್ಳಿಯವರು ಬೆಂಚಿನ ಮೇಲೆ ಕೂರಲು ಒಪ್ಪದೆ ನಿಂತೇ ಇದ್ದರು. ಶಾನುಭೋಗರ ಮನೆಯಿಂದ ಇನ್ನೊಂದು ಕುರ್ಚಿ ಬರುವವರೆಗೆ ಕಾಯಿಲೆಯ ಮಾತು ಹೊರಡಲೇ ಇಲ್ಲ. ಆಮೇಲೂ ಮೊದಲು ಮದ್ದೂರು ದಾರಿಯ ಗುಂಡಿಗಳ ಮಾತಾಯಿತು, ಕಬ್ಬಿನ ಮಾತಾಯಿತು. ಮಾವ ಎಲ್ಲರ ನಡುವೆ ಚಾಪೆಯ ಮೇಲೆ ಕುಳಿತಿದ್ದರು. ನಾನು ಒಳಬಾಗಿಲ ಹತ್ತಿರ ನಿಂತಿದ್ದೆ.

ಕೊನೆಗೆ ಪಂಡಿತರು ಶುರು ಮಾಡಿದರು. “ಈ ಕ್ವಿನೈನು ಎಂಬುದು ಮಹಾ ಉಷ್ಣ. ಕಿವಿಯನ್ನು ಸುಟ್ಟುಬಿಟ್ಟಿದೆ.”

“ನಿಮ್ಮ ಕಷಾಯದಲ್ಲಿ ಏನಿದೆಯೆಂದು ನಿಮಗಾದರೂ ಗೊತ್ತೇ?” ಎಂದರು ಮಂಡ್ಯದವರು.

“ನಾನು ಕೊಟ್ಟದ್ದು ಅಳತೆಯಲ್ಲೇ ಇತ್ತು. ಮೇಲೆ ಸುರಿದವರು ಯಾರೋ” ಎಂದರು ಮಳವಳ್ಳಿಯವರು.

“ಮೊದಲು ಸುರಿಯುತ್ತಿದ್ದದ್ದು ಯಾರು ಅಂತ ಕೇಳಿಕೊಳ್ಳಿ” ಎಂದರು ಮಂಡ್ಯದವರು.

ಹೀಗೆ ಕಾಫಿ ಬರುವವರೆಗೂ ನಡೆಯಿತು. ಕಾಫಿ ಕುಡಿದ ಮೇಲೆ ಮಳವಳ್ಳಿಯವರಿಗೆ ಒಂದು ದಾರಿ ಹೊಳೆಯಿತು. “ಅದಿರಲಿ. ಮನೆಯಲ್ಲಿ ಮದ್ದು ಕೊಡುತ್ತಿದ್ದವರು ಯಾರು?” ದೊಡ್ಡ ಭಾವ ನನ್ನತ್ತ ಕೈ ತೋರಿಸಿದರು. “ನೋಡಿ ಮತ್ತೆ!” ಎಂದರು ಮಳವಳ್ಳಿಯವರು. “ಹಿಂದುಮುಂದು ತಿಳಿಯದವರ ಕೈಗೆ ಮದ್ದು ಕೊಟ್ಟರೆ ಇನ್ನೇನಾಗುತ್ತೆ?” ಮಂಡ್ಯದವರು ಗಂಭೀರವಾಗಿ ತಲೆಯಾಡಿಸಿದರು. ಪಂಡಿತರು ನಶ್ಯದ ಡಬ್ಬಿ ಮುಚ್ಚಿ, “ಹೆಂಗಸರು ಅಕ್ಷರ ಕಲಿತರೆ ಇದೇ ಪಾಡು” ಎಂದರು. ಬೆಳಗಿನಿಂದ ಮೊದಲ ಸಲ ಮೂವರ ಅಭಿಪ್ರಾಯವೂ ಒಂದಾಯಿತು. ಮೂವರ ಮುಖದಲ್ಲೂ ಕಳೆ ಬಂತು. ನನ್ನ ಯಜಮಾನರು ತಮ್ಮ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕುರ್ಚಿಗಳು ಹತ್ತಿರ ಸರಿದವು. ಎರಡನೆಯ ಭಾವ ಮಂಡ್ಯದವರನ್ನೇ ಕೇಳಿದರು, “ಹೇಗೆ ಸಾರ್, ಉಳ್ಕೋತಾರಾ?” ಕೆಪ್ಪನ ಮುಂದೆ ದನಿ ತಗ್ಗಿಸಬೇಕೆಂದು ಯಾರಿಗೂ ಅನಿಸಲಿಲ್ಲ. “ವಯಸ್ಸಾಯಿತಲ್ಲ. ಹೊಟ್ಟೆಯಲ್ಲಿ ಜ್ವರದ ಗಡ್ಡೆ ದಪ್ಪಗಿದೆ. ಮನೆಯ ವಿಚಾರ ಏನಾದರೂ ಇತ್ಯರ್ಥ ಮಾಡಿಕೊಳ್ಳುವುದಿದ್ದರೆ ಈಗಲೇ ಮುಗಿಸಿಕೊಳ್ಳುವುದು ಒಳ್ಳೆಯದು” ಎಂದರು ಅವರು. ಮಳವಳ್ಳಿಯವರೂ ಹೌದೆಂದರು.

“ಮುಗಿಸ್ಕಳವ” ಎಂದರು ಮಾವ. “ಮೊದ್ಲು ನಿಮ್ದು ಮುಗಿಸ್ಕಳಿ ಸ್ವಾಮಿ.”

ಪಂಡಿತರ ಬೆರಳಿನಿಂದ ನಶ್ಯ ಉದುರಿತು.

“ಕೇಳ್ತದೆ, ಕೇಳ್ತದೆ. ಎಷ್ಟೋ ದಿನದಿಂದ ಕೇಳ್ತಾನೇ ಅದೆ. ಮದ್ದು ನಿಲ್ಸಿದ್ದಕ್ಕೆ ಬಂತು ಕಿವಿ.” ಮಾವ ಮಂಡ್ಯದವರ ಕಡೆ ತಿರುಗಿದರು. “ನಂಗೆ ಬಂದಿರಾ ಕಾಯ್ಲೆ ಏನು, ಯೋಳಿ.”

“ಮಲೇರಿಯಾ.”

“ನೀವು?” ಎಂದರು ಮಳವಳ್ಳಿಯವರಿಗೆ.

“ಅದೇ.”

“ಅದ್ಕೆ ಮದ್ದು?”

“ಕ್ವಿನೈನು” ಎಂದರು ಇಬ್ಬರೂ, ಒಬ್ಬರ ಮುಖ ಒಬ್ಬರು ನೋಡದೆ.

“ಕಾಯ್ಲೆ ಒಂದೇ, ಮದ್ದು ಒಂದೇ, ಆದ್ರೂ ಇಬ್ರೂ ಮಾತಾಡಾಕಿಲ್ಲ. ನನ್ ಮಕ್ಳೂ ಅಂಗೇ ಅವ್ರೆ, ಅದ್ಕೇ ನಿಮ್ಮನ್ನ ಕರ್ಕಂಡು ಬಂದವ್ರೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. “ಮಂಡ್ಯದೋರ ಮದ್ದೇ ತಕ್ಕತೀನಿ. ದೊಡ್ಡೋರು ಅಂತಲ್ಲ. ನನ್ ಮುಖ ನೋಡಿ ಮದ್ದು ಕಮ್ಮಿ ಮಾಡಿದ್ದು ಅವ್ರೊಬ್ರೇ. ಇನ್ಮ್ಯಾಕೆ ಯಾರೇ ಏನೇ ಕೊಡ್ಲಿ, ತೀರ್ಥನೇ ತರ್ಲಿ, ಈ ಅವ್ವನ್ನ ಕೇಳಿ ಕೊಡ್ಬೇಕು. ಇವ್ಳು ಬ್ಯಾಡ ಅಂದ್ರೆ ಬ್ಯಾಡ.”

ನಾನು ಬಾಗಿಲ ಬಳಿಯಿಂದಲೇ ಹೇಳಿದೆ. “ಮದ್ದು ಹೆಚ್ಚು ಮಾಡುವುದಾದರೆ ಡಾಕ್ಟರು ಮಾವನನ್ನು ಕಣ್ಣಾರೆ ನೋಡಿ ಮಾಡಬೇಕು. ಬಾಯಿಮಾತಿನ ಮೇಲೆ ಬೇಡ.” ಮಂಡ್ಯದವರು ಕೈಗಡಿಯಾರ ನೋಡಿಕೊಳ್ಳುತ್ತ, “ಆಗಲಮ್ಮ” ಎಂದರು. ಮಳವಳ್ಳಿಯವರು ಆಗಲೇ ಅಂಗಳ ಇಳಿದಿದ್ದರು. ಎರಡನೆಯ ಭಾವ ಅವರ ಹಿಂದೆ ಕ್ಷಮೆ ಕೇಳುತ್ತ ಓಡಿದರು; ಆ ವರ್ಷ ಯುಗಾದಿಗೆ ಅವರು ಊರಿಗೆ ಬರಲಿಲ್ಲ. ಪಂಡಿತರು ಮಾತ್ರ ಜಾಣರು. ಜ್ವರ ಬಿಟ್ಟ ಮೇಲೆ ಬಾಯಿರುಚಿಗೆ ಲೇಹ್ಯ ಮಾಡಿಕೊಡುತ್ತೇನೆ ಎಂದು ಹೇಳಿ ತಮ್ಮ ಪಾಲನ್ನು ಉಳಿಸಿಕೊಂಡು ಹೊರಟರು.

ಆಮೇಲೆ ಹೆಚ್ಚು ಹೇಳುವುದಿಲ್ಲ. ಕಡಿಮೆ ಪ್ರಮಾಣದ ಮದ್ದು, ಮುದ್ದೆ, ಹಾಲು. ಕಬ್ಬು ಕಡಿಯುವ ಹೊತ್ತಿಗೆ ಜ್ವರ ಬಿಟ್ಟಿತು, ಮಾವ ಕೋಲು ಹಿಡಿದು ಗದ್ದೆಯವರೆಗೆ ಹೋಗಿ ಆಳುಗಳನ್ನು ಬೈದು ಬಂದರು. ಬಲಗಿವಿ ಪೂರ್ತಿ ಬಂತು. ಎಡಗಿವಿ ಕೊನೆಯವರೆಗೂ ಬರಲಿಲ್ಲ. ಯಾರಾದರೂ ಅಪ್ರಿಯವಾದದ್ದನ್ನು ತಂದರೆ ಮಾವ ಆ ಕಿವಿಯನ್ನೇ ಅವರತ್ತ ತಿರುಗಿಸುತ್ತಿದ್ದರು. ನಮ್ಮ ಅಕ್ಕ ಕೂಡ ತೀರ್ಥದ ಲೋಟ ಹಿಡಿದು ಬಂದು, ಮುಖ ಗಂಟು ಹಾಕಿಕೊಂಡು, “ಕೊಡ್ಲೇನೆ?” ಎಂದು ನನ್ನನ್ನು ಕೇಳುವುದು ರೂಢಿಯಾಯಿತು. ಕೊಡಿ ಅಕ್ಕ ಎನ್ನುತ್ತಿದ್ದೆ.

ಮಾವನನ್ನು ಗುಣಪಡಿಸಿದವರು ಮಾತ್ರ ಮೂವರು. ಮದ್ದೂರಿನಲ್ಲಿ ಪಂಡಿತರ ಲೇಹ್ಯ ಸತ್ತವನನ್ನು ಎಬ್ಬಿಸಿತೆಂದು ಮಾತಾಯಿತು. ಮಳವಳ್ಳಿಯ ಡಾಕ್ಟರು, ತಮ್ಮ ಗುಳಿಗೆಯಿಂದ ರಕ್ತ ತುಂಬಿದ ಮೇಲೆ ಕೊನೆಯಲ್ಲಿ ಬಂದವರು ಹೆಸರು ಹೊಡೆದುಕೊಂಡರು ಎಂದು ಹೇಳುತ್ತಿದ್ದರಂತೆ. ಮಂಡ್ಯದ ವಿಷಯ ನಾನೇ ಕಂಡದ್ದು. ಅಲ್ಲಿ ಮನೆ ಸಿಕ್ಕಿ, ನಾವು ಊರು ಬಿಟ್ಟು ಹೋಗಿ, ನನ್ನ ಮಗುವಿಗೆ ಜ್ವರ ಬಂದಾಗ ಅದೇ ಡಾಕ್ಟರಲ್ಲಿಗೆ ಹೋಗಬೇಕಾಯಿತು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಪಕ್ಕದಲ್ಲಿ ಕೆಲಸ ಕಲಿಯಲು ಬಂದಿದ್ದ ಹೊಸ ಡಾಕ್ಟರೊಬ್ಬರು ನಿಂತಿದ್ದರು. ಮಗುವಿನ ಮೈ ಮುಟ್ಟುವ ಮೊದಲೇ ಹಳೆಯ ಡಾಕ್ಟರು ನನ್ನನ್ನು ಕೇಳಿದರು, “ಬೇರೆ ಯಾರದಾದರೂ ಮದ್ದು ನಡೆಯುತ್ತಿದೆಯೇನಮ್ಮ?” ಆಮೇಲೆ ಆ ಹೊಸಬರತ್ತ ತಿರುಗಿ, “ಇದನ್ನು ಮೊದಲು ಕೇಳಬೇಕು. ನಾನು ಪ್ರಾಕ್ಟೀಸು ಶುರು ಮಾಡಿದ ದಿನದಿಂದ ಒಬ್ಬರನ್ನೂ ಕೇಳದೆ ಬಿಟ್ಟಿಲ್ಲ” ಎಂದರು.

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ತಡೆದುಕೊಂಡೆ. ಮಗುವಿನ ಮೈ ಸುಡುತ್ತಿತ್ತು.

“ಇಲ್ಲ ಸ್ವಾಮಿ, ಯಾರದೂ ಇಲ್ಲ” ಎಂದೆ.